ಸುಳ್ಳು ಹೇಳಿದ್ದು ಇಲಿಯಲ್ಲ

ವರ್ಷಕ್ಕೆ ನಾಲ್ಕಾರು ಬಾರಿಯಾದರೂ ನಮ್ಮ ಪತ್ರಿಕೆಗಳಲ್ಲಿ ಕ್ಯಾನ್ಸರಿಗೆ ಮದ್ದು ಸಿಕ್ಕಿಬಿಡುತ್ತದೆ. ಗಡ್ಡೆ ಕರಗಿತು, ರೋಗ ಹಿಮ್ಮೆಟ್ಟಿತು, ವಿಜ್ಞಾನಿಗಳ ಮಹತ್ವದ ಸಾಧನೆ ಎಂದು ದಪ್ಪಕ್ಷರದ ಶೀರ್ಷಿಕೆ. ಕೊನೆಯ ಪ್ಯಾರಾಕ್ಕೆ ಬಂದಾಗ 'ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ' ಎಂಬ ನಾಲ್ಕು ಪದ ಕಾಣುತ್ತವೆ. ಆಮೇಲೆ ಆ ಮದ್ದಿನ ಸುದ್ದಿಯೇ ಇರುವುದಿಲ್ಲ. ಯಾರಾದರೂ ನೆನಪಿಟ್ಟುಕೊಂಡು ವಿಚಾರಿಸಿದರೆ ತಿಳಿದವರು ಕೈಚೆಲ್ಲಿ ಹೇಳುತ್ತಾರೆ: "ಏನು ಮಾಡೋದು, ಇಲಿಯೇ ಬೇರೆ, ಮನುಷ್ಯನೇ ಬೇರೆ."

ನನ್ನ ಜಗಳ ಈ ಮಾತಿನ ಜೊತೆ. ಮಾತು ನಿಜವೇ. ಆದರೆ ನಿಜವಾದ ಮಾತು ತಪ್ಪಿಸಿಕೊಳ್ಳುವ ದಾರಿಯಾದಾಗ ಸುಳ್ಳಿಗಿಂತ ಹೆಚ್ಚು ಕೇಡು ಮಾಡುತ್ತದೆ. ಇಲಿಗೂ ಮನುಷ್ಯನಿಗೂ ಇರುವ ದೂರದ ಬಗ್ಗೆ ನಿಟ್ಟುಸಿರು ಬಿಡುವ ಮೊದಲು, ಒಂದು ಇಲಿಗೂ ಇನ್ನೊಂದು ಇಲಿಗೂ ಇರುವ ದೂರದ ಲೆಕ್ಕ ಕೊಡಬೇಕಲ್ಲವೇ? ಪ್ರಯೋಗಕ್ಕೆ ತಂದದ್ದು ಯಾವ ಇಲಿ? ಅದರೊಳಗೆ ಬೆಳೆಸಿದ್ದು ಯಾರ ಕ್ಯಾನ್ಸರ್? ಅದನ್ನು ಎಂಥ ಕೋಣೆಯಲ್ಲಿ ಇಟ್ಟಿದ್ದರು? ಗಡ್ಡೆಯನ್ನು ಅಳೆದವರಿಗೆ ಯಾವ ಇಲಿಗೆ ಮದ್ದು ಕೊಟ್ಟಿದೆ ಎಂಬುದು ಮೊದಲೇ ಗೊತ್ತಿತ್ತೇ? ಈ ನಾಲ್ಕು ಪ್ರಶ್ನೆಗೆ ಉತ್ತರವಿಲ್ಲದೆ ಇಲಿಯ ಮೇಲೆ ತಪ್ಪು ಹೊರಿಸುವುದು, ಅಳತೆಗೋಲನ್ನೇ ನೋಡದೆ ಬಟ್ಟೆ ಕುಗ್ಗಿತು ಎಂದು ದೂರಿದಂತೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲವು ವರ್ಷ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದು, ಈಗ ಪದವಿ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಈ ಜಗಳವನ್ನು ಸಾಹಿತ್ಯದ ಓದುಗರ ಮುಂದೆ ತರುವುದಕ್ಕೆ ಕಾರಣವಿದೆ. ಇದು ಮೂಲದಲ್ಲಿ ಪಾಠಶುದ್ಧಿಯ ಜಗಳ. ನಿಮಗೆ ಅದು ನಮ್ಮವರಿಗಿಂತ ಬೇಗ ಅರ್ಥವಾಗುತ್ತದೆ.

ಮೊದಲು ಒಂದು ಹಳೆಯ ಪ್ರಕರಣ. 1998ರ ಮೇ 3ರ ಭಾನುವಾರ ನ್ಯೂಯಾರ್ಕ್ ಟೈಮ್ಸ್ ತನ್ನ ಮುಖಪುಟದಲ್ಲಿ ಬಾಸ್ಟನ್ನಿನ ಜೂಡಾ ಫೋಕ್‌ಮನ್ ಅವರ ಕೆಲಸದ ಬಗ್ಗೆ ವರದಿ ಪ್ರಕಟಿಸಿತು. ಗಡ್ಡೆ ಬೆಳೆಯಬೇಕಾದರೆ ಅದಕ್ಕೆ ಹೊಸ ರಕ್ತನಾಳಗಳು ಬೇಕು, ಆ ನಾಳಗಳನ್ನು ತಡೆದರೆ ಗಡ್ಡೆ ಉಪವಾಸ ಬೀಳುತ್ತದೆ ಎಂಬುದು ಅವರು 1971ರಿಂದಲೂ ಹೇಳುತ್ತ ಬಂದಿದ್ದ ವಿಚಾರ. ಎಂಡೋಸ್ಟ್ಯಾಟಿನ್, ಆಂಜಿಯೋಸ್ಟ್ಯಾಟಿನ್ ಎಂಬ ಎರಡು ಪ್ರೋಟೀನುಗಳನ್ನು ಕೊಟ್ಟಾಗ ಅವರ ಇಲಿಗಳಲ್ಲಿ ಗಡ್ಡೆಗಳು ಕರಗಿದ್ದವು. ಮರುದಿನ ಆ ಔಷಧದ ಹಕ್ಕು ಹೊಂದಿದ್ದ ಸಣ್ಣ ಕಂಪನಿಯ ಷೇರು ಹಲವು ಪಟ್ಟು ಏರಿತು. ರೋಗಿಗಳು ಆಸ್ಪತ್ರೆಗಳಿಗೆ ಫೋನ್ ಮೇಲೆ ಫೋನ್ ಮಾಡಿದರು. ಫೋಕ್‌ಮನ್ ಮಾತ್ರ, ಕ್ಯಾನ್ಸರ್ ಬಂದಿರುವುದು ಇಲಿಗಾದರೆ ತಾವು ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂಬರ್ಥದ ಎಚ್ಚರಿಕೆಯ ಮಾತನ್ನೇ ಆಡಿದ್ದರು.

ಮುಂದೆ ಅಮೆರಿಕದಲ್ಲಿ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಎಂಡೋಸ್ಟ್ಯಾಟಿನ್ ಆ ಪವಾಡ ಮಾಡಲಿಲ್ಲ. ಅದರ ಒಂದು ಮಾರ್ಪಡಿಸಿದ ರೂಪಕ್ಕೆ 2005ರಲ್ಲಿ ಚೀನಾ ಒಪ್ಪಿಗೆ ಕೊಟ್ಟಿತು ಎಂಬುದನ್ನು ಬಿಟ್ಟರೆ ಕಥೆ ಅಲ್ಲಿಗೆ ಮುಗಿಯಿತು. ಎಲ್ಲರೂ ಕಲಿತ ಪಾಠ ಅದೇ: ಇಲಿಯೇ ಬೇರೆ, ಮನುಷ್ಯನೇ ಬೇರೆ. ಆದರೆ ನಡುವೆ ನಡೆದದ್ದನ್ನು ಯಾರೂ ನೆನೆಯುವುದಿಲ್ಲ. ಮನುಷ್ಯನ ತನಕ ಹೋಗುವ ಮೊದಲೇ ಅದು ಇಲಿಯಿಂದ ಇಲಿಗೆ ದಾಟುವುದರಲ್ಲಿ ಎಡವಿತ್ತು! ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ತಮ್ಮ ಇಲಿಗಳಲ್ಲಿ ಅದೇ ಪ್ರಯೋಗ ಮಾಡಿದರೆ ಮೊದಲಿಗೆ ಅದೇ ಫಲ ಬರಲಿಲ್ಲ. ಸಾಗಣೆಯಲ್ಲಿ, ಹೆಪ್ಪುಗಟ್ಟಿಸುವುದರಲ್ಲಿ ಪ್ರೋಟೀನು ಕೆಟ್ಟಿರಬಹುದೆಂಬ ಶಂಕೆ ಬಂತು. ಕೊನೆಗೆ ಅವರೇ ಬಾಸ್ಟನ್ನಿಗೆ ಹೋಗಿ ಫೋಕ್‌ಮನ್ ಅವರ ಪ್ರಯೋಗಾಲಯದಲ್ಲೇ ಮಾಡಿದಾಗ ಫಲ ಕಂಡಿತು. ಒಂದು ಊರಿನ ಇಲಿಯಲ್ಲಿ ನಿಜವಾದದ್ದು ಇನ್ನೊಂದು ಊರಿನ ಇಲಿಯಲ್ಲಿ ನಿಜವಾಗಲು ಇಷ್ಟು ತಿಣುಕಬೇಕಾದರೆ, ಮನುಷ್ಯನ ಮಾತು ಎಲ್ಲಿಂದ ಬಂತು?

ಪ್ರಯೋಗಾಲಯದ ಇಲಿ ಹುಟ್ಟಿದ್ದೇ ಈ ತೊಂದರೆ ತಪ್ಪಿಸಲಿಕ್ಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾಸಚೂಸೆಟ್ಸಿನ ಗ್ರ್ಯಾನ್‌ಬಿ ಎಂಬಲ್ಲಿ ಅಬಿ ಲೇಥ್ರಪ್ ಎಂಬ ಮಹಿಳೆ ಅಲಂಕಾರಕ್ಕೆ ಸಾಕುವ ಇಲಿಗಳನ್ನು ತಳಿ ಮಾಡಿ ಮಾರುತ್ತಿದ್ದಳು. ಕೆಲವು ಇಲಿಗಳ ಮೈಮೇಲೆ ಗಂಟುಗಳನ್ನು ಕಂಡು ವಿಜ್ಞಾನಿಗಳಿಗೆ ಕಳಿಸಿದಳು. ಲಿಯೋ ಲೋಬ್ ಎಂಬ ವೈದ್ಯ ಅವು ಕ್ಯಾನ್ಸರ್ ಎಂದು ಗುರುತಿಸಿದ. ಇಬ್ಬರೂ ಸೇರಿ ಹಲವು ಲೇಖನ ಬರೆದರು. ಪಿಎಚ್‌ಡಿ ಇಲ್ಲದ ಆ ಹೆಂಗಸು ಯಾವ ಇಲಿ ಯಾವುದರ ಮರಿ, ಯಾವುದಕ್ಕೆ ಯಾವಾಗ ಗಂಟು ಬಂತು ಎಂದು ಬರೆದಿಟ್ಟ ನೋಟ್‌ಬುಕ್‌ಗಳು ಇಂದಿಗೂ ಉಳಿದಿವೆ. ಆಕೆಯ ಇಲಿಗಳಿಂದಲೇ 1921ರಲ್ಲಿ ಕ್ಲಾರೆನ್ಸ್ ಕುಕ್ ಲಿಟ್ಲ್ ಎಂಬಾತ 57ನೇ ನಂಬರಿನ ಹೆಣ್ಣಿಲಿಯ ವಂಶವನ್ನು ಬೆಳೆಸಿದ. ಅದೇ ಇಂದು ಲೋಕದ ಪ್ರಯೋಗಾಲಯಗಳಲ್ಲೆಲ್ಲ ಇರುವ ಸಿ57 ಬ್ಲ್ಯಾಕ್ 6 ಎಂಬ ಕಪ್ಪು ಇಲಿ. 1929ರಲ್ಲಿ ಲಿಟ್ಲ್ ಸ್ಥಾಪಿಸಿದ ಜಾಕ್ಸನ್ ಪ್ರಯೋಗಾಲಯ ಅದನ್ನು ಇಂದಿಗೂ ಬೆಳೆಸುತ್ತಿದೆ. 2002ರಲ್ಲಿ ಇಲಿಯ ಜೀನೋಮನ್ನು ಓದಿದಾಗ ಓದಿದ್ದು ಇದನ್ನೇ.

ಇಪ್ಪತ್ತು ತಲೆಮಾರು ಅಣ್ಣ ತಂಗಿಯರನ್ನೇ ಕೂಡಿಸಿದರೆ ಆ ತಳಿಯ ಇಲಿಗಳೆಲ್ಲ ಹೆಚ್ಚುಕಡಿಮೆ ಅವಳಿಗಳಂತಾಗುತ್ತವೆ. ಹಾಗಾದರೆ ಬಾಸ್ಟನ್ನಿನಲ್ಲಿ ಮಾಡಿದ್ದನ್ನು ಬೆಂಗಳೂರಿನಲ್ಲೂ ಮಾಡಿ ನೋಡಬಹುದು. ಇದು ಕಲ್ಪನೆ. ಆದರೆ ಇಲಿಯ ತಳಿ ಎಂದರೆ ಓಲೆಗರಿಯ ಕಾವ್ಯ ಇದ್ದ ಹಾಗೆ. ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುತ್ತಲೇ ಅದು ಉಳಿಯಬೇಕು, ಪ್ರತಿ ಮಾಡುವಾಗ ಕೈ ತಪ್ಪುತ್ತದೆ. ಒಂದು ಪ್ರತಿ ಒಂದು ಮಠಕ್ಕೆ, ಇನ್ನೊಂದು ಇನ್ನೊಂದು ಭಂಡಾರಕ್ಕೆ ಹೋದರೆ ನೂರು ವರ್ಷದ ನಂತರ ಎರಡರ ಹೆಸರು ಒಂದೇ, ಪಾಠ ಬೇರೆ. ಈ ಕಪ್ಪು ಇಲಿಗೂ ಆದದ್ದು ಅದೇ. 1951ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇದರ ಒಂದು ಶಾಖೆಯನ್ನು ತೆಗೆದುಕೊಂಡು ಹೋಯಿತು. ಮೂಲದ ಶಾಖೆಗೆ 6ಜೆ ಎಂದೂ ಹೋದ ಶಾಖೆಗೆ 6ಎನ್ ಎಂದೂ ಹೆಸರು. ಆಮೇಲೆ 6ಜೆ ಶಾಖೆಯಲ್ಲಿ ಎನ್‌ಎನ್‌ಟಿ ಎಂಬ ಜೀನಿನ ಒಂದು ಭಾಗವೇ ಬಿಟ್ಟುಹೋಯಿತು. ಜೀವಕೋಶ ತನ್ನೊಳಗಿನ ಆಕ್ಸಿಡೀಕರಣದ ಒತ್ತಡವನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದಕ್ಕೆ ನೇರ ಸಂಬಂಧವಿರುವ ಜೀನು ಅದು. ಕ್ಯಾನ್ಸರ್ ಅಧ್ಯಯನ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಇತ್ತ 6ಎನ್ ಶಾಖೆಯಲ್ಲಿ ಕಣ್ಣಿನ ಅಕ್ಷಿಪಟಲ ಕೆಡಿಸುವ ಬೇರೊಂದು ದೋಷ ಸೇರಿಕೊಂಡಿರುವುದು 2012ರಲ್ಲಿ ಬಯಲಾಯಿತು. ಎಷ್ಟೋ ಲೇಖನಗಳಲ್ಲಿ ಮಾತ್ರ ಜೆ, ಎನ್ ಎಂಬ ಬಾಲವಿಲ್ಲದೆ ಬರೀ 'ಬ್ಲ್ಯಾಕ್ 6 ಇಲಿ' ಎಂದಷ್ಟೇ ಇರುತ್ತದೆ.

ಡಿ.ಎಲ್. ನರಸಿಂಹಾಚಾರ್ಯರಂಥವರು ಒಂದು ಪದ್ಯದ ಒಂದು ಅಕ್ಷರಕ್ಕಾಗಿ ಹತ್ತು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಯಾವ ಪ್ರತಿ ಎಲ್ಲಿ ಸಿಕ್ಕಿತು, ಯಾರ ಕೈಬರಹ, ಎಷ್ಟು ಗರಿ ಕಳೆದಿದೆ ಎಂದು ಪೀಠಿಕೆಯಲ್ಲಿ ಹೇಳದೆ ಕಾವ್ಯ ಅಚ್ಚಾಗುತ್ತಿರಲಿಲ್ಲ. ಮನುಷ್ಯರ ಜೀವಕ್ಕೆ ಸಂಬಂಧಿಸಿದ ಪಠ್ಯದ ವಿಷಯದಲ್ಲಿ ಅಷ್ಟು ಶ್ರದ್ಧೆ ಕೇಳಿದರೆ ಅತಿಯಾಯಿತೇ? ಹೆಸರು ಮತ್ತು ಪಾಠ ಬೇರೆಯಾಗುವುದು ಕಲ್ಪನೆಯ ಭಯವಲ್ಲ. 1982ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಒಂದು ವರದಿ ಬಂದಿತ್ತು: ಬಾಲ್ಬ್-ಸಿ ಎಂಬ ಹೆಸರಾಂತ ಬಿಳಿ ತಳಿಯೆಂದು ಮಾರಾಟವಾದ ಇಲಿಗಳನ್ನು ಪರೀಕ್ಷಿಸಿದರೆ, ಒಂದು ಇನ್ನೊಂದರ ಅಂಗಾಂಶವನ್ನು ಒಪ್ಪಿಕೊಳ್ಳದಷ್ಟು ಬೇರೆಯಾಗಿದ್ದವು. ಚೀಟಿ ಒಂದು ಹೇಳುತ್ತಿತ್ತು, ಮೈ ಇನ್ನೊಂದು ಹೇಳುತ್ತಿತ್ತು.

ಇದು ಇಲಿಯ ಮಾತಾಯಿತು. ಇನ್ನು ಇಲಿಯೊಳಗೆ ಇಡುವ ಕ್ಯಾನ್ಸರ್. ಮನುಷ್ಯರ ಗಡ್ಡೆಯಿಂದ ತೆಗೆದ ಜೀವಕೋಶಗಳನ್ನು ಗಾಜಿನ, ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿ ವರ್ಷಗಟ್ಟಲೆ ಬೆಳೆಸುತ್ತಾರೆ. ಇದಕ್ಕೆ ಸೆಲ್ ಲೈನ್ ಎನ್ನುತ್ತಾರೆ. ಇವನ್ನು ರೋಗನಿರೋಧಕ ಶಕ್ತಿ ಕುಂದಿಸಿದ ಇಲಿಗೆ ಚುಚ್ಚಿ ಗಡ್ಡೆ ಬೆಳೆಸಿ, ಆ ಗಡ್ಡೆಯ ಮೇಲೆ ಔಷಧ ಪರೀಕ್ಷಿಸುವುದು ರೂಢಿ. ಎಪ್ಪತ್ತರ ದಶಕದಲ್ಲಿ ಹ್ಯೂಸ್ಟನ್ನಿನಲ್ಲಿ, ಸ್ತನ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬಳಿಂದ ತೆಗೆದದ್ದು ಎಂದು ದಾಖಲಾದ ಎಂಡಿಎ-ಎಂಬಿ-435 ಎಂಬ ಸೆಲ್ ಲೈನ್ ಇತ್ತು. ಇಲಿಯಲ್ಲಿ ಇದು ಬೇಗ ಹರಡುತ್ತಿತ್ತು. ಹಾಗಾಗಿ ಸ್ತನ ಕ್ಯಾನ್ಸರ್ ಮೈಯಲ್ಲಿ ಹೇಗೆ ಹರಡುತ್ತದೆ ಎಂದು ತಿಳಿಯಲು ಲೋಕವೆಲ್ಲ ಇದನ್ನೇ ಬಳಸಿತು. 2000ದಲ್ಲಿ ಇದರ ಜೀನುಗಳ ನಡವಳಿಕೆ ನೋಡಿದವರಿಗೆ ಇದು ಸ್ತನ ಕ್ಯಾನ್ಸರಿನಂತೆ ಕಾಣಲಿಲ್ಲ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಂತೆ ಕಂಡಿತು. 2007ರಲ್ಲಿ ಇನ್ನಷ್ಟು ಕೆದಕಿದಾಗ ಎಂ14 ಎಂಬ ಬೇರೆಯದೇ ಮೆಲನೋಮಾ ಸೆಲ್ ಲೈನಿಗೂ ಇದಕ್ಕೂ ಮೂಲ ಒಂದೇ ಎಂದಾಯಿತು. ಸ್ತನ ಕ್ಯಾನ್ಸರಿನ ಹೆಸರಿನಲ್ಲಿ ಎಷ್ಟು ಇಲಿಗಳು ಚರ್ಮದ ಕ್ಯಾನ್ಸರ್ ಹೊತ್ತು ಸತ್ತವೋ! ವಿಷಯ ಬಯಲಾದ ಮೇಲೂ ಅದನ್ನು ಸ್ತನ ಕ್ಯಾನ್ಸರ್ ಎಂದೇ ಕರೆಯುವ ಲೇಖನಗಳು ಬರುತ್ತಲೇ ಇದ್ದವು.

ಇದು ಒಂಟಿ ಪ್ರಕರಣವೂ ಅಲ್ಲ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯಿಂದ ಅವಳಿಗೆ ತಿಳಿಸದೆಯೇ ತೆಗೆದ ಹೀಲಾ ಕೋಶಗಳು ಎಷ್ಟು ಹುಲುಸಾಗಿ ಬೆಳೆಯುತ್ತವೆಂದರೆ, ಪಕ್ಕದ ತಟ್ಟೆಗೆ ಒಂದು ಹನಿ ಸಿಡಿದರೂ ಅಲ್ಲಿದ್ದವನ್ನು ಅಡಗಿಸಿ ತಾವೇ ತುಂಬಿಕೊಳ್ಳುತ್ತವೆ. ಮೂಲಕೃತಿಯನ್ನೇ ನುಂಗಿದ ಪ್ರಕ್ಷಿಪ್ತ ಇದು. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಇದನ್ನು ಹೇಳಿದಾಗ ಹಲವರು ಮುಖ ತಿರುಗಿಸಿದರು. ಎಪ್ಪತ್ತರ ದಶಕದಲ್ಲಿ ವಾಲ್ಟರ್ ನೆಲ್ಸನ್-ರೀಸ್ ಇಂಥ ನಕಲಿ ಕೋಶಗಳ ಪಟ್ಟಿಯನ್ನೇ ಪ್ರಕಟಿಸಿದರು. ಪಟ್ಟಿ ಮಾಡಿದವರೇ ಹಲವರ ಕಣ್ಣಿಗೆ ಕೆಟ್ಟವರಾದರು. ಇಂದು ಎಸ್‌ಟಿಆರ್ ಎಂಬ ಡಿಎನ್‌ಎ ಗುರುತಿನ ಪರೀಕ್ಷೆಯಿದೆ, ಪೊಲೀಸರು ಅಪರಾಧಿಯನ್ನು ಪತ್ತೆ ಮಾಡಲು ಬಳಸುವಂಥದ್ದೇ. ಪ್ರಯೋಗದ ಒಟ್ಟು ಖರ್ಚಿನಲ್ಲಿ ಅದರ ಖರ್ಚು ಲೆಕ್ಕಕ್ಕೇ ಬಾರದು. ನಾನು ವಿದ್ಯಾರ್ಥಿನಿಯಾಗಿದ್ದಾಗ ನಮ್ಮ ಕೋಶಗಳನ್ನು ಒಮ್ಮೆ ಈ ಪರೀಕ್ಷೆಗೆ ಕಳಿಸೋಣ ಸರ್ ಎಂದು ಕೇಳಿದ್ದೆ. "ಮೊದಲು ಪೇಪರ್ ಹೋಗಲಿ ಕಣಮ್ಮಾ, ಕೇಳಿದರೆ ಆಮೇಲೆ ನೋಡೋಣ" ಎಂದರು. ಪೇಪರ್ ಹೋಯಿತು. ಯಾರೂ ಕೇಳಲಿಲ್ಲ.

ಮೂರನೆಯದು ಕೋಣೆ. ಪ್ರಯೋಗಾಲಯದ ಇಲಿಗಳನ್ನು ಸಾಮಾನ್ಯವಾಗಿ 22 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುತ್ತಾರೆ. ಅದು ಕೋಟು ತೊಟ್ಟು ಓಡಾಡುವ ನಮಗೆ ಹಿತ. ಇಲಿಗೆ ಹಿತವಾದದ್ದು 30ರ ಹತ್ತಿರ. ಅಂದರೆ ಅದು ತನ್ನ ಆಯುಸ್ಸನ್ನೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದರಲ್ಲೇ ಕಳೆಯುತ್ತದೆ. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದ ರೋಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯವರು ಇಲಿಗಳನ್ನು ಅವಕ್ಕೆ ಹಿತವಾದ ಬಿಸಿಯಲ್ಲಿಟ್ಟು ನೋಡಿದರು. ಗಡ್ಡೆಗಳು ನಿಧಾನವಾಗಿ ಬೆಳೆದವು, ಕಡಿಮೆ ಹರಡಿದವು, ರೋಗನಿರೋಧಕ ಕೋಶಗಳು ಹೆಚ್ಚು ಚುರುಕಾಗಿ ಹೋರಾಡಿದವು. ಔಷಧವೇ ಇಲ್ಲದೆ, ಬರೀ ಕೋಣೆಯ ಬಿಸಿಯಿಂದ!

2015ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಇನ್ನೊಂದು ಸಂಗತಿ ತೋರಿಸಿದರು. ಒಂದೇ ಬ್ಲ್ಯಾಕ್ 6 ತಳಿಯ ಇಲಿಗಳನ್ನು ಇಬ್ಬರು ಮಾರಾಟಗಾರರಿಂದ ತಂದು ಒಂದೇ ಮೆಲನೋಮಾ ಚುಚ್ಚಿದರೆ, ಒಬ್ಬರ ಇಲಿಗಳಲ್ಲಿ ಗಡ್ಡೆ ಬೇಗ ಬೆಳೆಯಿತು, ಇನ್ನೊಬ್ಬರ ಇಲಿಗಳಲ್ಲಿ ನಿಧಾನ. ಎರಡನ್ನೂ ಒಂದೇ ಪಂಜರದಲ್ಲಿ ಕೆಲವು ವಾರ ಕೂಡಿಟ್ಟ ಮೇಲೆ ಚುಚ್ಚಿದರೆ ವ್ಯತ್ಯಾಸವೇ ಇಲ್ಲ. ಇಲಿಗಳು ಒಂದರ ಹಿಕ್ಕೆಯನ್ನು ಒಂದು ತಿನ್ನುತ್ತವೆ. ಕರುಳಿನ ಬ್ಯಾಕ್ಟೀರಿಯಾಗಳು ಹಾಗೆ ಹಂಚಿಕೆಯಾಗಿದ್ದವು. ಇನ್ನೊಂದು ಕೇಳಿ. 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಕಂಡುಕೊಂಡಂತೆ, ಗಂಡಸರು ಹತ್ತಿರ ಬಂದರೆ, ಅವರು ತೊಟ್ಟು ಬಿಟ್ಟ ಟೀ ಶರ್ಟ್ ಇಟ್ಟರೂ ಸಾಕು, ಆ ವಾಸನೆಗೆ ಇಲಿಗಳು ಒತ್ತಡಕ್ಕೆ ಒಳಗಾಗುತ್ತವೆ. ಹೆಂಗಸರು ಬಂದರೆ ಹಾಗಾಗುವುದಿಲ್ಲ. ಪ್ರಯೋಗ ಮಾಡಿದವರು ಗಂಡೋ ಹೆಣ್ಣೋ ಎಂದು ಯಾವ ಲೇಖನ ಬರೆಯುತ್ತದೆ?

ಈ ಸಂಗತಿಗಳನ್ನೆಲ್ಲ ಯಾರೂ ಪ್ರಯೋಗ ಮಾಡಿ ತೋರಿಸುವ ಮೊದಲೇ ಪ್ರಾಣಿಗೃಹದಲ್ಲಿ ಪಂಜರ ತೊಳೆಯುವವರಿಗೆ ಅರ್ಧ ಗೊತ್ತಿರುತ್ತದೆ. ನಾವಿದ್ದ ಕಡೆ ಹದಿನೈದು ವರ್ಷ ಗುತ್ತಿಗೆಯಲ್ಲೇ ದುಡಿದ ಒಬ್ಬರು ಅಣ್ಣ ಇದ್ದರು. ಮೇಲಿನ ಸಾಲಿನ ಪಂಜರಗಳಿಗೆ ದೀಪ ಹತ್ತಿರ, ಕೆಳಗಿನ ಸಾಲಿನವು ಕತ್ತಲಲ್ಲಿ. ಹಾಗಾಗಿ ಅವರು ವಾರಕ್ಕೊಮ್ಮೆ ಪಂಜರಗಳನ್ನು ಮೇಲೆ ಕೆಳಗೆ ಮಾಡುತ್ತಿದ್ದರು. "ಮೇಡಂ, ಮೇಲಿರೋವು ಯಾವಾಗ್ಲೂ ಮೂಲೇಲೇ ಮುದುರ್‍ಕೊಂಡಿರ್ತವೆ, ಬರ್ಕೊಳ್ಳಿ" ಎಂದು ನನಗೆ ಹೇಳಿಕೊಟ್ಟವರು ಅವರೇ. ಯಾವ ಸೂಚನಾ ಪುಸ್ತಕದಲ್ಲೂ ಇರದ ಈ ಪಾಠಕ್ಕೆ ಯಾವ ಪ್ರಬಂಧದಲ್ಲೂ ಅವರ ಹೆಸರಿಲ್ಲ. ಒಂದು ಇಡೀ ಪ್ರಯೋಗದ ಸತ್ಯ ಯಾರ ಕೈಯಲ್ಲಿದೆಯೋ ಅವರಿಗೇ ಅತ್ಯಂತ ಕಡಿಮೆ ಸಂಬಳ, ಅವರಿಗೇ ತರಬೇತಿ ಇಲ್ಲ, ಅವರ ಮಾತಿಗೇ ಬೆಲೆಯಿಲ್ಲ. ಗುಣಮಟ್ಟ ಎಂಬ ಪದವನ್ನು ನಮ್ಮ ಸಂಸ್ಥೆಗಳು ಉಚ್ಚರಿಸುವಾಗ ನನಗೆ ನೆನಪಾಗುವುದು ಆ ಅಣ್ಣನ ಕೈ.

ನಾಲ್ಕನೆಯದು ಅಳೆಯುವವರ ಕಣ್ಣು. ಯಾವ ಇಲಿಗೆ ಮದ್ದು, ಯಾವುದಕ್ಕೆ ಬರೀ ಉಪ್ಪುನೀರು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು. ಗಡ್ಡೆ ಅಳೆಯುವವರಿಗೆ ಅದು ಗೊತ್ತಿರಬಾರದು. ಇದು ಹೈಸ್ಕೂಲಿನ ಮಕ್ಕಳಿಗೂ ಅರ್ಥವಾಗುವ ನಿಯಮ. 2009ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಸಾರ್ವಜನಿಕ ಹಣದಲ್ಲಿ ನಡೆದ ಪ್ರಾಣಿಪ್ರಯೋಗಗಳ 271 ಲೇಖನಗಳನ್ನು ಪರಿಶೀಲಿಸಿದರೆ, ನೂರಕ್ಕೆ 87ರಲ್ಲಿ ಮೊದಲ ನಿಯಮದ ಮಾತಿಲ್ಲ, 86ರಲ್ಲಿ ಎರಡನೆಯದರ ಮಾತಿಲ್ಲ. ಅದರ ಮುಂದಿನ ವರ್ಷವೇ ಅರೈವ್ ಎಂಬ ಮಾರ್ಗಸೂಚಿ ಬಂತು. ಪ್ರಾಣಿಪ್ರಯೋಗದ ಲೇಖನದಲ್ಲಿ ಏನೇನು ಬರೆಯಲೇಬೇಕು ಎಂಬ ಪಟ್ಟಿ ಅದು. 2020ರಲ್ಲಿ ಅದನ್ನು ಪರಿಷ್ಕರಿಸಿದರು. ನೂರಾರು ಪತ್ರಿಕೆಗಳು ಒಪ್ಪಿವೆ. ಒಪ್ಪುವುದಕ್ಕೂ ಪಾಲಿಸುವುದಕ್ಕೂ ಇರುವ ಅಂತರ ನಿಮಗೆ ನಾನು ಹೇಳಬೇಕಿಲ್ಲ.

ಇದೆಲ್ಲದರ ಮೊತ್ತ ಏನು? 2012ರಲ್ಲಿ ಆಮ್‌ಜೆನ್ ಕಂಪನಿಯಲ್ಲಿ ನಡೆದ ಕೆಲಸದ ಬಗ್ಗೆ ಗ್ಲೆನ್ ಬೆಗ್ಲೆ ಹೇಳಿದ್ದು: ಮೈಲಿಗಲ್ಲು ಎನಿಸಿದ 53 ಕ್ಯಾನ್ಸರ್ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರೆ ಆರು ಮಾತ್ರ ನಿಂತವು. ಅವು ಯಾವ 53 ಎಂದು ಕಂಪನಿ ಹೇಳಲಿಲ್ಲ, ಆದ್ದರಿಂದ ಆ ಲೆಕ್ಕವನ್ನು ಪೂರ್ತಿ ನಂಬಬೇಡಿ ಎನ್ನುವವರಿದ್ದಾರೆ. ಸರಿ. ಎಲ್ಲವನ್ನೂ ಬಯಲಲ್ಲಿಟ್ಟು ಮಾಡಿದ ಇನ್ನೊಂದು ಯತ್ನದ ಫಲ 2021ರಲ್ಲಿ ಬಂತು. 53 ಲೇಖನಗಳ 193 ಪ್ರಯೋಗಗಳನ್ನು ಮತ್ತೆ ಮಾಡಬೇಕೆಂದು ಹೊರಟವರಿಗೆ ಮಾಡಲು ಸಾಧ್ಯವಾದದ್ದು 23 ಲೇಖನಗಳ 50 ಪ್ರಯೋಗ. ಫಲದ ಗಾತ್ರ, ನಡುಮಟ್ಟ ಹಿಡಿದರೆ, ಮೂಲದಲ್ಲಿ ಹೇಳಿದ್ದಕ್ಕಿಂತ ಶೇಕಡಾ 85ರಷ್ಟು ಕಡಿಮೆ. ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಒಂದು ಸಂಗತಿ. ಆ 193ರಲ್ಲಿ ಒಂದೇ ಒಂದು ಪ್ರಯೋಗವನ್ನೂ ಲೇಖನವನ್ನಷ್ಟೇ ಓದಿ ಮತ್ತೆ ಮಾಡುವಂತಿರಲಿಲ್ಲ. ಒಂದೇ ಒಂದನ್ನೂ! ಅಡುಗೆ ಪುಸ್ತಕ ಬರೆದವರು ಉಪ್ಪು ಎಷ್ಟು ಎಂದು ಹೇಳದಿದ್ದರೆ ನಾವು ಸುಮ್ಮನಿರುತ್ತೇವೆಯೇ?

ಈಗ ನನ್ನ ಎದುರಾಳಿಗಳ ಮಾತು. ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಅವಸರ ಯಾಕೆ ಎನ್ನುವವರಿದ್ದಾರೆ. ತಿದ್ದಿಕೊಳ್ಳುತ್ತದೆ, ನಿಜ. ಎಂಡಿಎ-ಎಂಬಿ-435ನ್ನು ತಿದ್ದಲು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ರೋಗಿಯ ಹತ್ತಿರ ಅಷ್ಟು ವರ್ಷ ಇರುವುದಿಲ್ಲ. ಶಿವಮೊಗ್ಗದಲ್ಲಿದ್ದ ನನ್ನ ಸೋದರಮಾವನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಗಿತ್ತು. ಅಂಥ ಪತ್ರಿಕೆಯ ತುಣುಕುಗಳನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ "ಇದು ನಿಜವೇನಮ್ಮಾ? ಇಲ್ಲಿಗೆ ಯಾವಾಗ ಬರುತ್ತೆ?" ಎಂದು ಕೇಳುತ್ತಿದ್ದರು. ಮಾವ, ಅದು ಇಲಿಗೆ ಕೊಟ್ಟದ್ದು ಎಂದು ಹೇಳಬಹುದಿತ್ತು, ಹೇಳಿದೆ. ಆದರೆ ಯಾವ ಇಲಿಗೆ, ಯಾವ ಗಡ್ಡೆಗೆ, ಎಷ್ಟು ನಂಬಬಹುದು ಎಂದು ಹೇಳಲು ಆ ಮೂಲಲೇಖನಗಳನ್ನು ಹುಡುಕಿ ಓದಿದರೂ ಅದರಲ್ಲಿ ಉತ್ತರವಿರುತ್ತಿರಲಿಲ್ಲ. ಅವರು ಹೋಗಿ ಮೂರು ವರ್ಷವಾಯಿತು. ಭರವಸೆಯೂ ಒಂದು ಔಷಧವೇ. ಅದರ ಗುಣಮಟ್ಟವನ್ನೂ ಯಾರಾದರೂ ಪರೀಕ್ಷಿಸಬೇಕು.

ಖರ್ಚು ಎಲ್ಲಿಂದ ತರೋಣ ಎನ್ನುವವರಿದ್ದಾರೆ. ನಮ್ಮಂಥ ದೇಶದ ಸಣ್ಣ ಪ್ರಯೋಗಾಲಯಗಳ ಕಷ್ಟ ನನಗೆ ಗೊತ್ತು. ವಿದೇಶದಿಂದ ಇಲಿ ತರಿಸಲು ಹಣವೂ ಬೇಕು, ತಿಂಗಳುಗಟ್ಟಲೆ ಅನುಮತಿಯ ಓಡಾಟವೂ ಬೇಕು. ಹಾಗಾಗಿ ಗೆಳೆಯರ ಪ್ರಯೋಗಾಲಯದಿಂದ ಒಂದು ಜೋಡಿ ತಂದು ನಾವೇ ಮರಿ ಮಾಡಿಸಿಕೊಳ್ಳುತ್ತೇವೆ. ಹತ್ತು ವರ್ಷ ಅದರ ಸಂತಾನವನ್ನೇ ಬಳಸುತ್ತೇವೆ. ತಪ್ಪು ಅದರಲ್ಲಿಲ್ಲ, ಲೆಕ್ಕ ಇಡದಿರುವುದರಲ್ಲಿದೆ. ಜಾಕ್ಸನ್ ಪ್ರಯೋಗಾಲಯ 2003ರಿಂದ ಭ್ರೂಣಗಳನ್ನು ಹೆಪ್ಪುಗಟ್ಟಿಸಿಟ್ಟು ಐದು ತಲೆಮಾರಿಗೊಮ್ಮೆ ಮೂಲಕ್ಕೆ ಮರಳುತ್ತದೆ, ಶಿಥಿಲವಾಗದ ಮೂಲಪ್ರತಿಯನ್ನು ಪೆಟ್ಟಿಗೆಯಲ್ಲಿ ಕಾಪಿಟ್ಟಂತೆ. ಪ್ರತಿಯೊಬ್ಬರೂ ಅದನ್ನು ಮಾಡಲಾರರು. ಆದರೆ ಎಷ್ಟನೇ ತಲೆಮಾರು ಎಂದು ಬರೆದಿಡಲು ಒಂದು ನೋಟ್‌ಬುಕ್ ಸಾಕು. ಅಬಿ ಲೇಥ್ರಪ್ ಇಟ್ಟಿದ್ದಳು.

ನಮ್ಮಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ 1960ರಿಂದ ಇದೆ, ಪ್ರತಿ ಪ್ರಾಣಿಗೃಹಕ್ಕೂ ನೋಂದಣಿ ಇದೆ, ಪ್ರತಿ ಪ್ರಯೋಗಕ್ಕೂ ಸಂಸ್ಥೆಯ ನೀತಿಸಮಿತಿಯ ಒಪ್ಪಿಗೆ ಬೇಕು. ಅದು ಇರಲೇಬೇಕಾದ್ದು. ಆದರೆ ಎಷ್ಟು ಇಲಿ ಬೇಕು, ನೋವು ಹೇಗೆ ತಗ್ಗಿಸುತ್ತೀರಿ ಎಂದು ಕೇಳುವ ಸಮಿತಿ, ಇಲಿ ಹೇಳಿದ ತಳಿಯದೇ ಎಂಬುದಕ್ಕೆ ಪುರಾವೆ ತೋರಿಸಿ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ತಪ್ಪು ಚೀಟಿಯ ಇಲಿಯನ್ನು ಎಷ್ಟೇ ನೋವಿಲ್ಲದೆ ಕೊಂದರೂ ಅದು ವ್ಯರ್ಥ ಸಾವೇ. ಗುಣಮಟ್ಟದ ಪರೀಕ್ಷೆಯೂ ಅಹಿಂಸೆಯ ಭಾಗ ಎಂದು ಯಾವಾಗ ಒಪ್ಪುತ್ತೇವೆ?

ಇಲಿಯನ್ನೇ ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ಷರತ್ತನ್ನು 2022ರ ಕೊನೆಯಲ್ಲಿ ಅಮೆರಿಕ ಸಡಿಲಿಸಿತು; 2023ರಲ್ಲಿ ಭಾರತವೂ ತನ್ನ ನಿಯಮ ತಿದ್ದಿ ಬೇರೆ ವಿಧಾನಗಳಿಗೆ ಜಾಗ ಮಾಡಿತು. ತಟ್ಟೆಯಲ್ಲಿ ಬೆಳೆಸಿದ ಪುಟ್ಟ ಅಂಗಗಳು, ಚಿಪ್ಪಿನ ಮೇಲಿನ ಕೋಶಗಳು ಬರಲಿ, ನನಗೆ ಸಂತೋಷವೇ. ಆದರೆ ಆ ಚಿಪ್ಪಿನ ಮೇಲೆ ಕೂರಿಸುವ ಕೋಶಕ್ಕೂ ಒಂದು ಚೀಟಿ ಇರುತ್ತದಲ್ಲ? ಅದನ್ನು ಓದುವವರೂ ನಾವೇ, ಪರೀಕ್ಷಿಸದೆ ಬಿಡುವವರೂ ನಾವೇ. ಇಲಿಯನ್ನು ಬದಲಿಸಬಹುದು, ಅಭ್ಯಾಸ ಬದಲಾಗದಿದ್ದರೆ ಸುಳ್ಳು ಮನೆ ಬದಲಾಯಿಸುತ್ತದೆ, ಅಷ್ಟೇ.

ಇಲಿಯಿಂದ ಏನೂ ಆಗುವುದಿಲ್ಲ ಎಂಬ ಮಾತಿಗೆ 1996ರ ಒಂದು ಪ್ರಯೋಗ ಉತ್ತರ. ಜೇಮ್ಸ್ ಆಲಿಸನ್ ಅವರ ತಂಡ ಇಲಿಗಳಲ್ಲಿ ಸಿಟಿಎಲ್‌ಎ-4 ಎಂಬ ತಡೆಯನ್ನು ತೆಗೆದು, ರೋಗನಿರೋಧಕ ಕೋಶಗಳು ತಾವಾಗಿಯೇ ಗಡ್ಡೆಯ ಮೇಲೆ ಬೀಳುವುದನ್ನು ತೋರಿಸಿತು. ಅದೇ ದಾರಿಯಲ್ಲಿ ಬಂದ ಇಪಿಲಿಮುಮ್ಯಾಬ್ 2011ರಲ್ಲಿ ಮೆಲನೋಮಾ ರೋಗಿಗಳಿಗೆ ದಕ್ಕಿತು, 2018ರಲ್ಲಿ ಆಲಿಸನ್ನರಿಗೆ ನೊಬೆಲ್ ಬಂತು. ಸರಿಯಾದ ಪ್ರಶ್ನೆಯನ್ನು ಸರಿಯಾಗಿ ಕೇಳಿದರೆ ಇಲಿ ಸರಿಯಾದ ಉತ್ತರವನ್ನೇ ಕೊಡುತ್ತದೆ.

ಎಲ್ಲ ಇಲಿಗಳನ್ನೂ ಎಲ್ಲ ಕೋಣೆಗಳನ್ನೂ ಒಂದೇ ಅಚ್ಚಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಅತಿಯಾಗಿ ಒಂದೇ ಥರ ಮಾಡಿದರೆ ಬರುವ ಫಲ ಆ ಒಂದು ಕೋಣೆಗೆ ಮಾತ್ರ ನಿಜವಾದೀತು ಎಂದು 2000ದಲ್ಲೇ ಹಾನ್ನೋ ವ್ಯೂರ್ಬೆಲ್ ಎಚ್ಚರಿಸಿದ್ದರು. ಬೇರೆ ಬೇರೆ ತಳಿ, ಗಂಡು ಹೆಣ್ಣು ಎರಡೂ, ಎರಡು ಊರು, ಎರಡು ಕೋಣೆ ಇರಲಿ, ಪಾಠಾಂತರಗಳಿದ್ದಷ್ಟೂ ಒಳ್ಳೆಯದು. ಆದರೆ ಯಾವುದು ಯಾವುದೆಂದು ಅಡಿಟಿಪ್ಪಣಿಯಲ್ಲಿ ಹೇಳಬೇಕು. ಸಂಪಾದಕರು ಪಾಠಾಂತರಗಳನ್ನು ಸುಡುವುದಿಲ್ಲ, ದಾಖಲಿಸುತ್ತಾರೆ.

ಹಾಗಾಗಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಇಲಿಯ ಪೂರ್ಣ ಹೆಸರು, ಬಂದ ಜಾಗ, ತಲೆಮಾರು, ಕೋಶಗಳ ಗುರುತಿನ ಪರೀಕ್ಷೆಯ ವರದಿ, ಕೋಣೆಯ ಬಿಸಿ, ಪಂಜರದ ವಿವರ ಇಲ್ಲದ ಲೇಖನವನ್ನು ಪತ್ರಿಕೆಗಳು ವಿಮರ್ಶಕರಿಗೆ ಕಳಿಸಲೇಬಾರದು. ಹಣ ಕೊಡುವವರು ಈ ಪರೀಕ್ಷೆಗಳಿಗೆಂದೇ ಬಜೆಟ್ಟಿನಲ್ಲಿ ಒಂದು ಸಾಲು ಇಡಬೇಕು, ಆ ಸಾಲನ್ನು ಬೇರೆಯದಕ್ಕೆ ತಿರುಗಿಸಲು ಬಿಡಬಾರದು. ಪ್ರಾಣಿಗೃಹದಲ್ಲಿ ದುಡಿಯುವವರಿಗೆ ಕಾಯಂ ನೌಕರಿ, ತರಬೇತಿ, ಲೇಖನದಲ್ಲಿ ಹೆಸರು ಸಿಗಬೇಕು. ಇಷ್ಟೇ ಕೇಳಿದರೂ ದೊಡ್ಡ ಸಮ್ಮೇಳನಗಳಲ್ಲಿ ಮುಗುಳ್ನಗುತ್ತಾರೆ, ಯಾಕೆಂದರೆ ಇದರಲ್ಲಿ ಪ್ರಶಸ್ತಿ ಇಲ್ಲ.

ಪತ್ರಿಕೆಯವರಿಗೆ ಒಂದೇ ಮಾತು: ಇಲಿಯನ್ನು ಶೀರ್ಷಿಕೆಗೆ ತನ್ನಿ. 2021ರಲ್ಲಿ ಆಲ್ಝೈಮರ್ ಕಾಯಿಲೆಯ ಇಲಿಪ್ರಯೋಗಗಳ ಲೇಖನಗಳನ್ನು ಪರಿಶೀಲಿಸಿದವರು, ಮೂಲಲೇಖನದ ಶೀರ್ಷಿಕೆಯಲ್ಲಿ ಇಲಿ ಇಲ್ಲದಿದ್ದರೆ ಸುದ್ದಿಯ ಶೀರ್ಷಿಕೆಯಲ್ಲೂ ಇಲಿ ಮಾಯವಾಗುವುದನ್ನು, ಅಂಥ ಲೇಖನಗಳಿಗೇ ಹೆಚ್ಚು ಪ್ರಚಾರ ಸಿಗುವುದನ್ನು ಕಂಡರು. ಮರೆಮಾಚುವುದು ಅಲ್ಲಿಂದಲೇ ಆರಂಭವಾಗುತ್ತದೆ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಕೊನೆಯ ಮಾತು. ನಿಮ್ಮಲ್ಲಿ ಕೆಲವರು ನಾಳೆ ಪ್ರಯೋಗಾಲಯಕ್ಕೆ ಹೋಗುತ್ತೀರಿ, ಕೆಲವರು ಪತ್ರಿಕೆಗೆ, ಉಳಿದವರು ಮನೆಯಲ್ಲಿ ಯಾರಿಗೋ ಕಾಯಿಲೆಯಾದಾಗ ಆ ದಪ್ಪಕ್ಷರದ ಸುದ್ದಿಯನ್ನು ಓದುತ್ತೀರಿ. ಎಲ್ಲಿದ್ದರೂ 'ಯಾವ ಇಲಿ?' ಎಂದು ಕೇಳಿ. ಸಭೆಯಲ್ಲಿ ಕೇಳಿದರೆ ನಿಮ್ಮ ಮಾರ್ಗದರ್ಶಕರಿಗೆ ಮುಜುಗರವಾಗಬಹುದು, ಪೇಪರ್ ಒಂದು ತಿಂಗಳು ತಡವಾಗಬಹುದು. ಆಗಲಿ. ಉತ್ತರ ಬರುವ ತನಕ ಕೇಳುತ್ತಲೇ ಇರಿ.